ಎಣಿಕೆಗಳು ತಪ್ಪಿದಾಗ



ಶತಮಾನೋತ್ಸವದ ಸಂಭ್ರಮದಲ್ಲಿ ಕೈಗೂಡಿದ ಕಾರ್ಯಗಳನ್ನು ನೆನೆಯುವುದು ವಾಡಿಕೆ. ಆದರೆ ಈ ನೂರು ವರ್ಷಗಳಲ್ಲಿ ಕೈಗೂಡದೆ ಹೋದ ಆಸೆಗಳೆಷ್ಟೋ! ಅವನ್ನೂ ಇದೇ ಬಲಿಪೀಠದ ಮುಂದೆ ಮೊಣಕಾಲೂರಿ ದೇವರಿಗೆ ಒಪ್ಪಿಸಿದವರಿದ್ದಾರೆ. ಇಂದು ಅಂಥವರನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ.

ಜೇವರ್ಗಿ, ಅಫಜಲಪುರ ಸೀಮೆಯ ತೊಗರಿ ಬೆಳೆಗಾರನನ್ನು ನೋಡಿರಿ. ಅವನಷ್ಟು ಎಣಿಕೆ ಹಾಕಿ ಬಾಳುವವರು ವಿರಳ. ಮುಂಗಾರಿನಲ್ಲಿ ಬಿತ್ತಿ, ಎಡೆ ಹೊಡೆದು, ಕಳೆ ತೆಗೆದು ಸುಮಾರು ಆರು ತಿಂಗಳು ಕಾಯುತ್ತಾನೆ. ರಾಶಿಯಾಗುವ ಮೊದಲೇ ಮನಸ್ಸಿನಲ್ಲಿ ಅದನ್ನು ಹಂಚಿ ಮುಗಿಸಿರುತ್ತಾನೆ: ಇಷ್ಟು ಸಾಲಕ್ಕೆ, ಇಷ್ಟು ಮಗಳ ಮದುವೆಗೆ, ಇಷ್ಟು ಮಗನ ಓದಿಗೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಈ ಭಾಗದ ಆಸೆಗಳಿಗೆ ಮತ್ತಷ್ಟು ಬಲ ಬಂದಿತು. ಮರುವರ್ಷವೇ, 2020ರ ಅಕ್ಟೋಬರಿನಲ್ಲಿ, ವಿಪರೀತ ಮಳೆ ಸುರಿಯಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆ ದಂಡೆ ಮೀರಿ ಹರಿದಳು. ಬೇಸಿಗೆಯಲ್ಲಿ ಯಾವ ನದಿಯ ನೀರಿಗಾಗಿ ಜನ ಹಂಬಲಿಸುತ್ತಿದ್ದರೋ ಅದೇ ನದಿ ಮನೆಯೊಳಗೆ ಬಂದಿತು. ಹೊಲದಲ್ಲಿ ನೀರು ನಿಂತು ತೊಗರಿಯ ಬೇರು ಕೊಳೆಯಿತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು, ಫಸಲು ಕೈಗೆ ಬರುವ ಮೊದಲೇ ಗಿಡಗಳು ನಿಂತಲ್ಲಿಯೇ ಒಣಗಿದವು.

ಇಂಥ ವೇಳೆಯಲ್ಲಿ ನಾವು ಹಣೆಬರಹ ಎನ್ನುತ್ತೇವೆ. ದೇವರು ಶಿಕ್ಷಿಸಿದರು ಎನ್ನುವವರೂ ಉಂಟು. ಹಾಗೆನ್ನಲು ನಮಗೆ ಅಧಿಕಾರವಿಲ್ಲ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಾಗ, ಅವರು ಇತರರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸಬಾರದೆಂದು ಯೇಸುಸ್ವಾಮಿ ಬೋಧಿಸಿದರು. ಎಣಿಕೆ ಹಾಕಿದ್ದೂ ತಪ್ಪಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದವರೂ ಅವರೇ. ಸಂತ ಯಕೋಬರು ಖಂಡಿಸಿದ್ದು ಯೋಜನೆಯನ್ನಲ್ಲ, ನಾಳೆ ನಮ್ಮ ಕೈಯಲ್ಲಿದೆ ಎಂಬ ಗರ್ವವನ್ನು.

ಹಾಗಾದರೆ ನಾವು ಮಾಡತಕ್ಕದ್ದೇನು? ಸಂತ ಲೂಕರ ಶುಭಸಂದೇಶದಲ್ಲಿ ಇದಕ್ಕೆ ಉತ್ತರವಿದೆ. ಶಿಷ್ಯರಿಬ್ಬರು ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಎಮ್ಮಾವು ಎಂಬ ಹಳ್ಳಿಗೆ ದುಃಖದಿಂದ ಹೊರಟಿದ್ದರು. ಅವರು ಕಟ್ಟಿಕೊಂಡಿದ್ದ ನಿರೀಕ್ಷೆಯೆಲ್ಲ ಶಿಲುಬೆಯ ಮೇಲೆ ಮುಗಿದುಹೋಗಿತ್ತು. ಪ್ರಭು ಅವರೊಡನೆ ಹೆಜ್ಜೆ ಹಾಕಿದರು. ಬೋಧನೆಯಿಂದ ಆರಂಭಿಸಲಿಲ್ಲ, ಏನಾಯಿತೆಂದು ಕೇಳಿದರು, ಅವರು ಹೇಳಿ ಮುಗಿಸುವವರೆಗೆ ಆಲಿಸಿದರು. ಆಮೇಲೆಯೇ ಧರ್ಮಗ್ರಂಥವನ್ನು ವಿವರಿಸಿದರು, ರೊಟ್ಟಿ ಮುರಿದರು. ಅದೇ ಗಳಿಗೆಯಲ್ಲಿ ಶಿಷ್ಯರು ಎದ್ದು ಜೆರುಸಲೇಮಿಗೆ ಮರಳಿದರು.

ಗುರುಗಳಾದ ನಾವು ಈ ಕ್ರಮವನ್ನು ಎಷ್ಟೋ ಸಲ ತಲೆಕೆಳಗು ಮಾಡಿದ್ದೇವೆ. ಬೆಳೆ ಕಳೆದುಕೊಂಡವನ ಮನೆಗೆ ಹೋಗಿ, ಅವನು ಬಾಯಿ ತೆರೆಯುವ ಮೊದಲೇ ಸಮಾಧಾನ ಹೇಳಿ ಎದ್ದುಬಂದಿದ್ದೇವೆ. ಸಾಲಕ್ಕೂ ನಾಚಿಕೆಗೂ ಅಂಜಿ ಮೌನವಾದವನು ಜೀವದಾಸೆಯನ್ನೇ ಬಿಡುವ ಅಪಾಯವುಂಟು. ಆದುದರಿಂದ ಭಾನುವಾರದ ಬಲಿಪೂಜೆಯಲ್ಲಿ ಒಬ್ಬರ ಜಾಗ ಬರಿದಾಗಿ ಕಂಡರೆ ಅಂದೇ ಸಂಜೆ ಅವರ ಮನೆಗೆ ಹೋಗಿರಿ. ಮೊದಲು ಅವರ ಮಾತು ಕೇಳಿರಿ. ಬಳಿಕ ಬೀಜಕ್ಕೋ ಮಕ್ಕಳ ಶಾಲೆಗೋ ಕೈಲಾದ ನೆರವು ನೀಡಿರಿ.

ನಾಳಿನ ನಮ್ಮ ಎಣಿಕೆಗಳೂ ತಪ್ಪಬಹುದು. ತಪ್ಪಿದ ದಿನ ನಮ್ಮಲ್ಲಿ ಯಾರೊಬ್ಬರೂ ಒಂಟಿಯಾಗಿ ನಡೆಯದಿರಲಿ. ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.