ಮನೋರೋಗಿಯ ಮೊದಲ ವಾರಗಳು



ವೇದಾವತಿಯ ದಂಡೆಯ ಈ ಭೈರವಾನಿತಿಪ್ಪದಲ್ಲಿ ನುಡಿಹಬ್ಬ ನಡೆಯುವಾಗ ಮನೋರೋಗದ ಮಾತೇಕೆಂದು ತಾವು ಕೇಳಬಹುದು. ತಾಯ್ನುಡಿಯ ಅಗತ್ಯ ಅತಿ ತೀವ್ರವಾಗಿ ತೋರುವ ಎಡೆಗಳಲ್ಲಿ ಮನೋರೋಗದ ವಾರ್ಡೂ ಒಂದೆಂಬುದರಿಂದಲೇ ನಾವು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಹಳ್ಳಿಯಲ್ಲಿ ಒಬ್ಬನು ನಾಲ್ಕಾರು ರಾತ್ರಿ ನಿದ್ದೆಯಿಲ್ಲದೆ ಅಲೆಯುತ್ತಾನೆ. ಅನ್ನಕ್ಕೆ ವಿಷವಿಟ್ಟಿದ್ದಾರೆಂದು ತಟ್ಟೆಯನ್ನು ತಳ್ಳುತ್ತಾನೆ. ಯಾರೂ ಇಲ್ಲದೆಡೆ ದನಿ ಕೇಳಿ ಉತ್ತರ ಕೊಡುತ್ತಾನೆ. ಬಾಣಂತಿಯೊಬ್ಬಳು ತನ್ನ ಕೂಸನ್ನೇ ತನ್ನದಲ್ಲವೆನ್ನುತ್ತಾಳೆ. ಮನೆಯವರು ಗಾಳಿ ಸೋಕಿತೆಂದು ಗುಡಿಗೆ ಒಯ್ಯುತ್ತಾರೆ. ಹರಕೆಗೆ ನಮ್ಮ ಆಕ್ಷೇಪವಿಲ್ಲ, ಸರಪಣಿಗೆ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಬೆಂದರು. ಸತ್ತವರು 28 ಮಂದಿ.

ಇಂಥವರಿಗಾಗಿಯೇ ತೀವ್ರ ಚಿಕಿತ್ಸೆಯ ವಾರ್ಡು ಇದೆ. ಹಿಂದೆ ಹುಚ್ಚಾಸ್ಪತ್ರೆಯ ಬಾಗಿಲು ದಾಟಿದವರಲ್ಲಿ ಎಷ್ಟೋ ಮಂದಿ ಮರಳುತ್ತಿರಲಿಲ್ಲ. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೋಮಜೀನ್ ಔಷಧದ ಪ್ರಯೋಗವಾದ ಮೇಲೆ ಸ್ಥಿತಿ ಬದಲಾಯಿತು. ಇಂದು ಹೆಚ್ಚಿನವರಿಗೆ ಕೆಲವು ವಾರಗಳ ವಾಸವೇ ಸಾಕು. ಮೊದಲು ದೇಹವನ್ನು ಪರೀಕ್ಷಿಸುತ್ತಾರೆ, ಏಕೆಂದರೆ ಮೆದುಳಿನ ಜ್ವರ, ತಲೆಯ ಪೆಟ್ಟು, ಸಕ್ಕರೆಯ ಇಳಿತ, ಕುಡಿತವನ್ನು ಥಟ್ಟನೆ ಬಿಟ್ಟದ್ದು, ಇವೂ ಹುಚ್ಚಿನ ವೇಷ ಹಾಕುತ್ತವೆ. ಆಮೇಲೆ ಔಷಧ, ನಿದ್ರೆ, ಅನ್ನ, ಪ್ರಾಣಕ್ಕೆ ಅಪಾಯವಾಗದಂತೆ ದಾದಿಯರ ಎಚ್ಚರದ ಕಾವಲು. ವಿದ್ಯುತ್ ಚಿಕಿತ್ಸೆಯೆಂದರೆ ನಮ್ಮ ಜನ ನಡುಗುತ್ತಾರೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಗಳಿಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ನಿಷೇಧಿಸಿದೆ. ಸರಪಣಿಯೂ ಅದರಿಂದ ನಿಷಿದ್ಧ.

ಎಲುಬು ಮುರಿದರೆ ಚಿತ್ರ ತೆಗೆದು ನೋಡಬಹುದು. ಮನಸ್ಸು ಮುರಿದುದನ್ನು ವೈದ್ಯನು ರೋಗಿಯ ಬಾಯಿಂದಲೇ ಕೇಳಬೇಕು. ನಮ್ಮ ಗಡಿಯ ರೈತನು ಸಂತೆಯಲ್ಲಿ ತೆಲುಗನ್ನು ಸರಾಗವಾಗಿ ಆಡುತ್ತಾನೆ, ನಿಜ. ಆದರೆ ಸಾಯಬೇಕೆನ್ನಿಸುವ ಸಂಕಟವನ್ನು ಸಂತೆಯ ಮಾತಿನಲ್ಲಿ ಹೇಳಿಕೊಳ್ಳುವುದೆಂತು? "ಎದೆ ಹಾರುತ್ತದೆ" ಎಂಬುದನ್ನು ನಡುವಿನವನೊಬ್ಬನು ಹೃದಯದ ಬೇನೆಯೆಂದು ಹೇಳಿಬಿಟ್ಟರೆ ಅವನ ಹೆದರಿಕೆ ವೈದ್ಯನನ್ನು ಮುಟ್ಟುವುದೇ ಇಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ಮಾಹಿತಿ ಕೊಡಬೇಕೆಂದು ಅದೇ ಕಾಯಿದೆ ಹೇಳಿದೆ. ಇದನ್ನು ನಾವು ಭಿಕ್ಷೆಯಾಗಿ ಬೇಡಬೇಕಾಗಿಲ್ಲ.

ವಾರ್ಡಿನಿಂದ ಬಿಡುಗಡೆಯಾದೊಡನೆ ರೋಗ ಮುಗಿಯಿತೆಂಬ ಭ್ರಮೆಯೂ ಬೇಡ. ಮನೆಗೆ ಬಂದ ಮೊದಲ ವಾರಗಳಲ್ಲಿಯೇ ಆತ್ಮಹತ್ಯೆಯ ಭಯ ಹೆಚ್ಚು. ಅಮೃತಸರದಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿಯೇ ರೋಗಿಯ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು, ಆರೈಕೆಯನ್ನು ಅವರಿಗೂ ಕಲಿಸಿದರು. 1953ರವರೆಗೆ ನಮ್ಮ ರಾಯದುರ್ಗ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೆಯ ಸಮೀಪದಲ್ಲಿ ಔಷಧ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಆ ಬಳ್ಳಾರಿಯೇ. ನೆರೆಯ ಅಂಗಳದಲ್ಲಿ ಹುಟ್ಟಿದ ಬೆಳಕು ನಮ್ಮ ಹೊಸ್ತಿಲಿಗೆ ತಡವಾಗಿ ಬರುವುದು ಗಡಿಯವರ ಹಣೆಬರಹವೋ ಏನೋ!

ಸಂಘದ ಮುಂದೆ ನಮ್ಮ ಬೇಡಿಕೆ ಸಣ್ಣದು. ರೋಗಿಯನ್ನು ಅನಂತಪುರಕ್ಕಾಗಲಿ ಬಳ್ಳಾರಿಗಾಗಲಿ ಕರೆದೊಯ್ಯುವಾಗ ಎರಡೂ ನುಡಿ ಬಲ್ಲ, ಗುಟ್ಟು ಕಾಯಬಲ್ಲ ಒಬ್ಬ ಸದಸ್ಯರು ಜೊತೆಗೆ ಹೋಗಲಿ. ಅವನು ಮರಳಿದ ಮೇಲೆ ತಿಂಗಳೊಪ್ಪತ್ತು ಅವನ ಮನೆಯ ಕಡೆ ಹೋಗಿ ಬರುವವರಿರಲಿ. 14416 ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಆ ಸಂಖ್ಯೆಯನ್ನು ಈ ಸಂಚಿಕೆಯ ಹಿಂಬದಿಯ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ಸಂಪಾದಕರನ್ನು ಪ್ರಾರ್ಥಿಸುತ್ತೇವೆ.