ಕನ್ನಡ ಕರಾವಳಿಯ ಅಳಿವೆಯೂರುಗಳು
(ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಜೆಯ ದಿನಗಳಲ್ಲಿ ಕನ್ನಡ ಕರಾವಳಿಯನ್ನು ನೋಡಹೊರಡುವವರು ಯಾವ ಯಾವ ಊರುಗಳಿಗೆ ಹೋಗತಕ್ಕದ್ದೆಂದು ತಿಳಿಸುವ ಕಾರ್ಯವನ್ನು ತಾವು ನನಗೆ ವಹಿಸಿರುವಿರಿ. ಊರುಗಳ ಪಟ್ಟಿಯನ್ನು ಕೊಡುವುದು ಸುಲಭ. ಅದನ್ನು ಹಿಡಿದು ಹೆದ್ದಾರಿಯಲ್ಲಿ ಓಡುವುದು ಇನ್ನೂ ಸುಲಭ. ಕಾರವಾರದಲ್ಲಿ ಬೆಳಿಗ್ಗೆ ಹೊರಟು, ಎಡಗಡೆ ಬೆಟ್ಟವನ್ನೂ ಬಲಗಡೆ ಕಡಲನ್ನೂ ಕಂಡು, ಸಂಜೆಗೆ ಮಂಗಳೂರನ್ನು ಸೇರಬಹುದು. ಆದರೆ ಹಾಗೆ ಹೋದವನು ಸೇತುವೆಗಳನ್ನು ದಾಟಿದನೆನ್ನಬೇಕೇ ಹೊರತು ಊರುಗಳನ್ನು ಕಂಡನೆನ್ನಲಾಗದು. ನನ್ನ ಸೂಚನೆಯು ಒಂದೇ: ಈ ತೀರದ ಊರುಗಳನ್ನು ಅವುಗಳ ಹೊಳೆಯೊಡನೆ ನೋಡಿರಿ.

ಕಾರಣವು ಸರಳವಾದುದು. ನಮ್ಮ ಸಹ್ಯಾದ್ರಿಯು ಕಡಲಿಗೆ ಬಲು ಸಮೀಪದಲ್ಲಿ ನಿಂತಿದೆ. ಮಳೆಗಾಲದ ನೀರೆಲ್ಲವೂ ಗಿಡ್ಡನೆಯ, ರಭಸದ ಹೊಳೆಗಳಾಗಿ ಇಳಿದುಬರುತ್ತದೆ. ಹೊಳೆಯು ಕಡಲನ್ನು ಸೇರುವ ಬಾಯಿಗೆ ನಮ್ಮವರು ಅಳಿವೆಯೆನ್ನುವರು. ಅಳಿವೆಯ ಒಳಗೆ ನೀರು ಶಾಂತ. ಹಾಯಿಹಡಗಿಗೆ ಅದೇ ಆಶ್ರಯ. ಭರತದ ನೀರಿನೊಡನೆ ದೋಣಿಗಳು ಒಳನಾಡಿಗೆ ಏರುತ್ತಿದ್ದವು, ಇಳಿತದೊಡನೆ ಮರಳುತ್ತಿದ್ದವು. ಘಟ್ಟದ ಮೆಣಸು, ಏಲಕ್ಕಿ, ಅಡಕೆಗಳು ಕೆಳಗಿಳಿದವು. ಉಪ್ಪು, ಮೀನು, ಬಟ್ಟೆಗಳು ಮೇಲೇರಿದವು. ಹೀಗೆ ಬೆಟ್ಟವೂ ಕಡಲೂ ಕೈಕೂಡಿಸಿದ ಸ್ಥಳದಲ್ಲಿ ಒಂದೊಂದು ಊರು ಹುಟ್ಟಿಕೊಂಡಿತು.

ಕಾಳಿನದಿಯ ಬಾಯಲ್ಲಿರುವ ಕಾರವಾರವನ್ನೇ ಮೊದಲು ತೆಗೆದುಕೊಳ್ಳಿರಿ. ಕವಿ ರವೀಂದ್ರರು ತರುಣರಾಗಿದ್ದಾಗ ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನವರ ಮನೆಯಲ್ಲಿ ತಂಗಿದ್ದರು. 1884ರಲ್ಲಿ ಪ್ರಕಟವಾದ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಬೆಳದಿಂಗಳಲ್ಲಿ ದೋಣಿಯೇರಿ ಕಾಳಿಯಲ್ಲಿ ಸಾಗಿದುದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಬಂಗಾಲದಿಂದ ಬಂದ ಆ ತರುಣನು ಹೊಳೆಯ ಮೇಲಿಂದ ನೋಡಿದ ಈ ಊರನ್ನು ನಮ್ಮವರು ಸೇತುವೆಯ ಮೇಲಿಂದ ಅರೆಗಳಿಗೆ ನೋಡಿ ಮುಂದಕ್ಕೆ ಹೋಗುತ್ತಾರೆ. 2024ರ ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಇಲ್ಲಿಯ ಹಳೆಯ ಸೇತುವೆಯು ಕುಸಿದು ಬಿದ್ದಿತು. ಹೊಳೆಯನ್ನು ಮರೆತು ನಡೆಯುವವರಿಗೆ ಹೊಳೆಯೇ ತನ್ನ ಇರವನ್ನು ನೆನಪಿಸುವುದು ಹೀಗೆ.

ತೆಂಕಣಕ್ಕೆ ನಡೆದರೆ ಅಂಕೋಲೆ. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಉಪ್ಪುನೀರನ್ನು ದಿನವೂ ಕಾಣುವ ಜನಕ್ಕೆ ಆ ಕಾಯಿದೆಯ ಅನ್ಯಾಯವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಂದ ಗಂಗಾವಳಿಯನ್ನು ದಾಟಿ ಗೋಕರ್ಣಕ್ಕೆ ಬಂದವರು ದೇವರ ದರ್ಶನವಾದ ಕೂಡಲೇ ಹಿಂದಿರುಗಬಾರದು. ಸಮೀಪದ ಸಾಣಿಕಟ್ಟೆಯಲ್ಲಿ ಬಿಸಿಲೊಂದರಿಂದಲೇ ಉಪ್ಪು ಬೆಳೆಯುವುದನ್ನು ನೋಡಬೇಕು. ತದಡಿಯಲ್ಲಿ ದೋಣಿಯೇರಿ ಅಘನಾಶಿನಿಯನ್ನು ದಾಟಬೇಕು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಅಣೆಕಟ್ಟೆಯನ್ನೇ ಕಾಣದೆ ಕಡಲನ್ನು ಸೇರುವ ಹೊಳೆಯಿದು. ಇದರ ದಂಡೆಯ ಗಜನಿಯ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗವೆಂಬ ಭತ್ತವು ಬೆಳೆಯುತ್ತದೆ. ಇಳಿತದ ವೇಳೆಯಲ್ಲಿ ಹೆಂಗಸರು ಮಕ್ಕಳು ಹೊಳೆಗಿಳಿದು ಬಳಚು ಆರಿಸುತ್ತಾರೆ. 2024ರಲ್ಲಿ ಈ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಕುಮಟೆಗೆ ಹೋಗುವವರು ಮಿರ್ಜಾನಿನ ಕೋಟೆಯನ್ನೂ ಕಾಣತಕ್ಕದ್ದು. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ.

ಆ ರಾಣಿಯ ಊರನ್ನು ನೋಡಬೇಕಾದರೆ ಹೊನ್ನಾವರಕ್ಕೆ ಬಂದು ಶರಾವತಿಯ ದಂಡೆಯನ್ನು ಹಿಡಿದು ಮೇಲೇರಬೇಕು. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳಿದ್ದುವೆಂದು ಬರೆದಿದ್ದಾನೆ. ವ್ಯಾಪಾರವಿದ್ದಲ್ಲಿ ವಿದ್ಯೆಯೂ ನೆಲೆಸಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ? ಮೇಲಕ್ಕೆ ಹೋದರೆ, ಹೊಳೆಯಾಚೆಯ ಕಾಡಿನಲ್ಲಿ, ನಾಲ್ಕೂ ದಿಕ್ಕಿಗೆ ಬಾಗಿಲಿರುವ ಗೇರುಸೊಪ್ಪೆಯ ಚತುರ್ಮುಖ ಬಸದಿ. ಒಂದು ಕಾಲದ ಮಹಾನಗರಿಯಲ್ಲಿ ಇಂದು ಉಳಿದಿರುವುದು ಈ ಕಲ್ಲುಕಟ್ಟಡಗಳಷ್ಟೇ. ಇನ್ನೂ ಮೇಲೆ ಜೋಗ. ಅದರಾಚೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು. ಅದು ನಾಡಿಗೆ ಬೆಳಕನ್ನು ಕೊಟ್ಟಿತು. ಅದಕ್ಕಾಗಿ ಮನೆಮಠಗಳನ್ನು ಮುಳುಗಿಸಿಕೊಂಡ ಕುಟುಂಬಗಳಲ್ಲಿ ಎಷ್ಟೋ ಜನರು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿರುವರು. ಹೊನ್ನಾವರದ ಹೊಳೆಯನ್ನು ಕಂಡು ಹಿಗ್ಗುವವನು ಈ ಸಂಗತಿಯನ್ನೂ ಅರಿತಿರಬೇಕು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ಒಂದೇ ಶರಾವತಿಯ ತಲೆಯು ಮೈಸೂರು ಸಂಸ್ಥಾನದಲ್ಲಿ, ಬಾಯಿಯು ಮುಂಬಯಿಯಲ್ಲಿ! ಕಚೇರಿಯ ಕಾಗದದ ಮೇಲಿನ ಗೆರೆಯನ್ನು ಹೊಳೆಯು ಎಂದೂ ಓದಲಿಲ್ಲ; ಮೆಣಸು ತಂದವನೂ ಉಪ್ಪು ಒಯ್ದವನೂ ಓದಲಿಲ್ಲ. 1956ರ ನವೆಂಬರ್ 1ರಂದು ಈ ಎರಡು ಜಿಲ್ಲೆಗಳು ಒಂದೇ ರಾಜ್ಯದಲ್ಲಿ ಕೂಡಿದುದು, ನೀರು ಮೊದಲೇ ಕೂಡಿಸಿದ್ದುದನ್ನು ಮನುಷ್ಯರು ಒಪ್ಪಿಕೊಂಡಂತೆ ಆಯಿತು.

ಕುಂದಾಪುರದಲ್ಲಿ ಐದು ಹೊಳೆಗಳು ಒಂದಾಗಿ ಪಂಚಗಂಗಾವಳಿಯೆನಿಸುತ್ತವೆ. ಇಲ್ಲಿಂದ ಒಳಕ್ಕೆ ಬಸರೂರಿಗೆ ಹೋಗಿರಿ. 1665ರಲ್ಲಿ ಶಿವಾಜಿಯು ಹಡಗುಗಳೊಡನೆ ಏರಿಬಂದು ಸುಲಿದನೆಂದರೆ, ಆಗ ಅಲ್ಲಿದ್ದ ಸಂಪತ್ತು ಎಷ್ಟೆಂದು ಊಹಿಸಬಹುದು. ಇಂದು ಅದೊಂದು ಶಾಂತವಾದ ಹಳ್ಳಿ. ಮಂಗಳೂರಿನಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಸೇರುವ ಬಳಿಯ ಹಳೆಯ ಬಂದರನ್ನು ನೋಡಿರಿ. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರು ಸಮಾಚಾರ’ವು ಹೊರಟುದು ಈ ಊರಿನಿಂದಲೇ. 1865ರಿಂದ ಹೊಳೆದಂಡೆಯ ಜೇಡಿಮಣ್ಣು ಹೆಂಚಾಗಿ ದೂರದೇಶಗಳ ಸೂರನ್ನೇರಿತು. ಈಗಿನ ದೊಡ್ಡ ಹಡಗುಗಳಿಗೆ ಅಳಿವೆಯ ಆಳವು ಸಾಲದೆ ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟಬೇಕಾಯಿತು.

ಕೊನೆಗೆ ಕಾಸರಗೋಡು. ಅದರ ಚಂದ್ರಗಿರಿ ಹೊಳೆಗೆ ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಮೇಲೆ ಹರಿದು ಬರುವ ಪಯಸ್ವಿನಿಯು ಸೇರುತ್ತದೆ. ದಂಡೆಯ ಮೇಲೆ ಕೆಳದಿಯ ಶಿವಪ್ಪನಾಯಕನ ಕಾಲದ ಕೋಟೆಯಿದೆ. 1956ರಿಂದ ಊರು ಕೇರಳದಲ್ಲಿದೆ. ಅಲ್ಲಿಯ ಕನ್ನಡಿಗರನ್ನು ಕಂಡು ಮಾತನಾಡಿಸಿ ಬನ್ನಿರಿ. ನಕ್ಷೆಯನ್ನು ನೋಡಿ ಅರ್ಧದಾರಿಯಲ್ಲಿ ತಿರುಗಬೇಡಿರಿ.

ಯಾತ್ರಿಕರಾದ ತರುಣರೇ, ಈ ಊರುಗಳ ಉನ್ನತಿಯು ಹೊಳೆಯಿಂದ ಬಂದಿತು. ಹೊಳೆಯ ಬಾಯಿ ಹೂಳಿನಿಂದ ಮುಚ್ಚಿದಾಗ, ಸರಕು ರೈಲು ರಸ್ತೆಗಳನ್ನು ಹಿಡಿದಾಗ, ಅವುಗಳ ವೈಭವವು ಇಳಿಯಿತು. ಇನ್ನು ಉಳಿದಿರುವುದು ಮೀನು, ಬಳಚು, ಕಗ್ಗ, ಉಪ್ಪು. ಇವನ್ನು ನಂಬಿದ ಸಹಸ್ರಾರು ಒಲೆಗಳು. ಮಿತಿಮೀರಿ ಮರಳನ್ನೆತ್ತಿದರೆ, ದಂಡೆಯನ್ನು ಕಾಯುವ ಕಾಂಡ್ಲಾಗಿಡಗಳನ್ನು ಕಡಿದರೆ ಆ ಒಲೆಗಳು ಆರುವುವು. ಹೊಳೆಯನ್ನು ತಿಳಿಯದವನಿಗೆ ಅದರ ನಷ್ಟವೂ ತಿಳಿಯದು. ಆದುದರಿಂದ ಮಳೆಗಾಲವು ಕಳೆದ ಮೇಲೆ ಹೊರಡಿರಿ. ಹತ್ತು ಊರುಗಳ ಆಸೆಯನ್ನು ಬಿಟ್ಟು ಒಂದೇ ಹೊಳೆಯನ್ನು ಆರಿಸಿಕೊಂಡು, ಅಳಿವೆಯಿಂದ ಘಟ್ಟದವರೆಗೆ ಅದರ ಜೊತೆಯಲ್ಲಿ ನಡೆಯಿರಿ. ದೋಣಿಯವನನ್ನು ಮಾತನಾಡಿಸಿರಿ. ಮುಂದೆ ಆ ಹೊಳೆಯ ವಿಷಯವಾಗಿ ಯಾವುದೇ ನಿರ್ಣಯವಾಗುವಾಗ ನಿಮ್ಮ ಮಾತಿಗೆ ಆಧಾರವಿರುವುದು.