ಕಳೆಗೆ ಬೆಳೆಯ ಮದ್ದು

ಹೊನ್ನಾವರ ಸೀಮೆಯ ಆಷಾಢವನ್ನು ಬಲ್ಲವರಿಗೆ ಕಳೆ ಕೀಳುವ ಕಷ್ಟವನ್ನು ನಾನು ವಿವರಿಸಬೇಕಾಗಿಲ್ಲ. ಬೆನ್ನ ಮೇಲೆ ಗೊರಬು, ಅದರ ಮೇಲೆ ಎಡೆಬಿಡದ ಮಳೆ, ಕಾಲಡಿಯಲ್ಲಿ ಕೆಸರು. ನಮ್ಮ ಆಯಿಯ ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ, ಗದ್ದೆಯಿಂದ. ಇಂದು ಕಳೆ ಕೀಳಲು ಆಳು ಸಿಗುವುದು ಕಷ್ಟ. ಕಳೆನಾಶಕದ ಡಬ್ಬಿ ಸುಲಭವಾಗಿ ಸಿಗುತ್ತದೆ. ಆದರೆ ನಮ್ಮ ಗದ್ದೆಯ ನೀರು ಕೊನೆಗೆ ಸೇರುವುದು ಶರಾವತಿಯನ್ನು. ಆ ಹೊಳೆಯನ್ನು ನಂಬಿ ಬದುಕುವವರನ್ನು ನೆನೆದಾಗ ಡಬ್ಬಿಯ ಮುಚ್ಚಳ ತೆರೆಯಲು ನನ್ನ ಕೈ ಹಿಂಜರಿಯುತ್ತದೆ.

ಬೇರೆ ದಾರಿ ಇಲ್ಲವೆ? ಸಸ್ಯವೊಂದು ತಾನು ಸೂಸುವ ರಸಾಯನದಿಂದ ನೆರೆಯ ಸಸ್ಯದ ಬೆಳವಣಿಗೆಯ ಮೇಲೆ ಪ್ರಭಾವ ಬೀರುವುದಕ್ಕೆ 1937ರಲ್ಲಿ ಹಾನ್ಸ್ ಮೋಲಿಷ್ ಎಂಬ ಸಸ್ಯವಿಜ್ಞಾನಿ ‘ಅಲೆಲೋಪತಿ’ ಎಂದು ಹೆಸರಿಟ್ಟನು. ಹೆಸರು ಹೊಸದು, ಅನುಭವ ಹಳೆಯದು. ಜೋಳ ಕೊಯ್ದ ಹೊಲದಲ್ಲಿ ಮುಂದಿನ ಬೆಳೆ ಸೊರಗುವುದುಂಟೆಂಬುದನ್ನು ಬಯಲುಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಜೋಳದ ಬೇರುಗೂದಲುಗಳ ತುದಿಯಲ್ಲಿ ಹೊಂಬಣ್ಣದ, ಎಣ್ಣೆಯಂಥ ಹನಿಗಳು ಒಸರುತ್ತವೆ. ಅದರಲ್ಲಿರುವ ಸೋರ್ಗೋಲಿಯೋನ್ ಎಂಬ ವಸ್ತು ಎಳೆಯ ಕಳೆಗಳು ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಕ್ರಿಯೆಯನ್ನೇ ತಡೆಯುತ್ತದೆ.

ನಮ್ಮ ಭತ್ತವೇನೂ ಸಾಮಾನ್ಯವಲ್ಲ. 1973ರಲ್ಲಿ ಜಪಾನಿನ ಸಂಶೋಧಕರು ಭತ್ತದ ಉಮಿಯಿಂದ ಮೊಮಿಲ್ಯಾಕ್ಟೋನ್ ಎಂಬ ವಸ್ತುಗಳನ್ನು ಬೇರ್ಪಡಿಸಿದರು. ಆ ಹೆಸರಿನೊಳಗಿನ ‘ಮೊಮಿ’ ಜಪಾನೀಯರ ಭತ್ತವೇ. ಜೀವಂತ ಭತ್ತದ ಬೇರೂ ಅದನ್ನು ಮಣ್ಣಿಗೆ ಬಿಡುತ್ತದೆಂದು ಆಮೇಲೆ ತಿಳಿದುಬಂತು. ಇದನ್ನು ಓದಿದ ದಿನ ನನಗೆ ಆಯಿಯ ಬದನೆಯ ಪಾತಿ ನೆನಪಾಯಿತು. ಉಮಿ ಹಾಸಿದಲ್ಲಿ ಹುಲ್ಲು ಬಾರದೆಂದು ಅವಳು ಹೇಳುತ್ತಿದ್ದಳು, ನಾನು ನಗುತ್ತಿದ್ದೆ.

ಆದರೂ ಉತ್ಸಾಹಕ್ಕೆ ಕಡಿವಾಣ ಬೇಕು. ಕುಮಟೆಯ ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತವನ್ನು ತೋರಿಸಿ ಮಿತ್ರರೊಬ್ಬರು, “ನೋಡಿ, ಕಳೆಯೇ ಇಲ್ಲ! ಇದೂ ಬೇರಿನ ಮಹಿಮೆಯೇ” ಎಂದರು. ಅಲ್ಲಿ ಕಳೆಯನ್ನು ಅಡಗಿಸುವುದು ಮುಖ್ಯವಾಗಿ ಉಪ್ಪುನೀರು. ಅದರ ಕೀರ್ತಿಯನ್ನು ಬೇರಿಗೆ ಕೊಡುವುದು ನ್ಯಾಯವಲ್ಲ. ಬೇರಿನ ರಸಾಯನವಾದರೂ ಎಲ್ಲ ತಳಿಗಳಲ್ಲಿ ಒಂದೇ ಪ್ರಮಾಣದಲ್ಲಿರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದುಬಿಡುತ್ತವೆ. ಮೇಲಾಗಿ ಅದಕ್ಕೆ ಕಳೆ ಯಾವುದು, ನಾಳೆಯ ಬೆಳೆ ಯಾವುದು ಎಂಬ ವಿವೇಕವಿಲ್ಲ. ಜೋಳದ ದಂಟನ್ನು ನೀರಿನಲ್ಲಿ ನೆನೆಸಿ, ಆ ರಸವನ್ನು ಪಾಕಿಸ್ತಾನದಲ್ಲಿ ಗೋಧಿಯ ಹೊಲಗಳಿಗೆ ಸಿಂಪಡಿಸಿ ನೋಡಿದ್ದಾರೆ. ಕಳೆ ತಗ್ಗಿತು, ಪೂರ್ತಿ ಹೋಗಲಿಲ್ಲ. ತಗ್ಗಿದರೂ ಸಾಕಲ್ಲವೆ? ಮೂರು ಸಲ ಬಾಗುವ ಬೆನ್ನು ಎರಡೇ ಸಲ ಬಾಗಿದರೆ ಅದು ಸಣ್ಣ ಲಾಭವೆಂದು ಗದ್ದೆಗೆ ಇಳಿಯದವರು ಮಾತ್ರ ಹೇಳಿಯಾರು.

ಉಮಿ ಬೆಳಕನ್ನು ಮರೆಮಾಡುವುದರಿಂದಲೇ ಹುಲ್ಲು ಮೊಳೆಯದಿರಬಹುದೆಂಬ ಅನುಮಾನವೂ ನನಗುಂಟು. ಹಾಗಾಗಿ ಈ ಮಳೆಗಾಲದಲ್ಲಿ ಒಂದು ಪಾತಿಗೆ ಉಮಿಯನ್ನೂ ಪಕ್ಕದ್ದಕ್ಕೆ ಅಷ್ಟೇ ದಪ್ಪಕ್ಕೆ ದರಕನ್ನೂ ಹಾಸಿದ್ದೇನೆ. ದಿನವೂ ಬೆಳಿಗ್ಗೆ ಆಯಿ ಜಗಲಿಯಿಂದ ಇಳಿದು ಬಂದು ಎರಡನ್ನೂ ನೋಡುತ್ತಾಳೆ. ತೀರ್ಪನ್ನು ಇನ್ನೂ ಕೊಟ್ಟಿಲ್ಲ.